ಸ್ಕ್ವೀಕ್‌ನಿಂದ ಸ್ಕ್ರೀಮ್‌ವರೆಗೆ: ಇಂಗ್ಲಿಷಿನ ಕರ್ಕಶ ಕೂಗುಗಳು

ಕಿವಿಗೆ ಹಿತವಲ್ಲದ ಕೂಗನ್ನು ಹೇಳಲು ಇಂಗ್ಲಿಷಿನಲ್ಲಿ ಪದಗಳ ಒಂದು ಹಿಂಡೇ ಇದೆ. ಸ್ಕ್ವೀಕ್, ಸ್ಕ್ವೀಲ್, ಸ್ಕ್ವಾಕ್, ಸ್ಕ್ವಾಲ್, ಸ್ಕ್ರೀಮ್, ಸ್ಕ್ರೀಚ್, ಶ್ರೀಕ್ ಎಂಬ ಏಳು ಪದಗಳು ಅದರಲ್ಲಿ ಮುಖ್ಯವಾದವು. ಇಂಗ್ಲಿಷ್–ಕನ್ನಡ ನಿಘಂಟು ತೆರೆದರೆ ಇವುಗಳ ಎದುರಿಗೆ ‘ಕಿರುಚು’, ‘ಚೀರು’, ‘ಅರಚು’ ಎಂಬ ಅರ್ಥಗಳೇ ಮತ್ತೆ ಮತ್ತೆ ಸಿಗುತ್ತವೆ. ಏಳೂ ಒಂದೇ, ಯಾವುದನ್ನು ಎಲ್ಲಿ ಬಳಸಿದರೂ ನಡೆಯುತ್ತದೆ ಎಂದು ಓದುಗರಿಗೆ ಅನ್ನಿಸುವುದು ಸಹಜ. ಇಂಗ್ಲಿಷ್ ಆಡುವವರು ಮಾತ್ರ ಇವನ್ನು ಹಾಗೆ ಬೆರೆಸುವುದಿಲ್ಲ. ಇಲಿಯದು ಸ್ಕ್ವೀಕ್, ಹಂದಿಯದು ಸ್ಕ್ವೀಲ್, ಗಿಳಿಯದು ಸ್ಕ್ವಾಕ್. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಶಾಲೆಗೆ ಹೋಗುವ ಮಗುವೂ ತಿದ್ದುತ್ತದೆ. ಈ ಖಚಿತತೆ ಎಲ್ಲಿಂದ ಬಂತು ಎಂಬುದನ್ನು ತಿಳಿಯಬೇಕಾದರೆ ಪದಗಳ ಅರ್ಥದ ಜೊತೆಗೆ ಅವುಗಳ ಸದ್ದನ್ನೂ ಗಮನಿಸಬೇಕು. ಸದ್ದೇ ಇಲ್ಲಿ ಅರ್ಥದ ದೊಡ್ಡ ಪಾಲನ್ನು ಹೊತ್ತಿದೆ.

ಮೊದಲು ‘ಸ್ಕ್ವ’ದಿಂದ ಶುರುವಾಗುವ ನಾಲ್ಕು ಪದಗಳು. ಸ್ಕ್ವೀಕ್ ಎಂದರೆ ಸಣ್ಣ, ಎತ್ತರದ, ತಟ್ಟನೆ ನಿಲ್ಲುವ ಸದ್ದು. ಇಲಿಯ ಕಿಚಕಿಚ, ಬಾವಲಿಯ ಚಿಟಿಚಿಟಿ, ಹೊಸ ಚಪ್ಪಲಿಯ ಕಿರುಕಿರು, ಎಣ್ಣೆ ಕಾಣದ ಬಾಗಿಲ ತಿರುಗಣಿಯ ಸದ್ದು ಎಲ್ಲವೂ ಸ್ಕ್ವೀಕ್. ಹೆದರಿದವನ ಗಂಟಲಿನಿಂದ ಹೊರಡುವ ಕೀರಲು ದನಿಗೂ ಇದೇ ಪದ. ಸ್ಕ್ವೀಲ್ ಕೂಡ ಎತ್ತರದ ಸದ್ದೇ, ಆದರೆ ಅದು ಎಳೆದುಕೊಂಡು ಹೋಗುತ್ತದೆ. ಹಿಡಿದೆತ್ತಿದ ಹಂದಿಮರಿ ಬಿಡುವವರೆಗೂ ಸ್ಕ್ವೀಲ್ ಮಾಡುತ್ತದೆ. ವೇಗವಾಗಿ ತಿರುವು ತೆಗೆದುಕೊಂಡ ಕಾರಿನ ಟೈರು ತಿರುವು ಮುಗಿಯುವವರೆಗೂ ಸ್ಕ್ವೀಲ್ ಮಾಡುತ್ತದೆ. ಈ ಪದದಲ್ಲಿ ನೋವು ಇರಲೇಬೇಕೆಂದಿಲ್ಲ. ಜೋಕಾಲಿ ಮೇಲಕ್ಕೆ ಹೋದಾಗ ಮಕ್ಕಳು ಹಾಕುವ ಖುಷಿಯ ಕೇಕೆಯೂ ಸ್ಕ್ವೀಲ್.

ಸ್ಕ್ವಾಕ್‌ಗೆ ಬಂದರೆ ದನಿ ಒರಟಾಗುತ್ತದೆ, ಅಗಲವಾಗುತ್ತದೆ. ಕೋಳಿಯನ್ನು ಹಿಡಿಯಲು ಹೋದಾಗ ರೆಕ್ಕೆ ಬಡಿಯುತ್ತಾ ಅದು ‘ಕ್ಯಾಕ್’ ಎನ್ನುವುದು, ಪಂಜರದ ಗಿಳಿ ಬೇರೆಯವರನ್ನು ಕಂಡು ಕೂಗುವುದು, ಸಂಜೆ ಕೆರೆಯ ಮೇಲೆ ಹಾರುವ ಬಕ ಗಂಟಲಿನಿಂದ ಹೊರಡಿಸುವ ಒಂದೇ ಒಂದು ಒರಟು ಸದ್ದು, ಇವೆಲ್ಲ ಸ್ಕ್ವಾಕ್. ಇದೂ ಸ್ಕ್ವೀಕ್‌ನ ಹಾಗೆ ಗಕ್ಕನೆ ಮುಗಿಯುತ್ತದೆ. ನಾಲ್ಕನೆಯದಾದ ಸ್ಕ್ವಾಲ್ ಅಗಲವಾದ, ನಿಲ್ಲದ ಕೂಗು. ರಚ್ಚೆ ಹಿಡಿದ ಮಗುವಿನ ಅಳು ಅದಕ್ಕೆ ಸರಿಯಾದ ಉದಾಹರಣೆ: ಬಾಯಿ ಪೂರ್ತಿ ತೆರೆದಿರುತ್ತದೆ, ಮುಖ ಕೆಂಪಾಗಿರುತ್ತದೆ, ಯಾರು ಎತ್ತಿಕೊಂಡರೂ ಸಮಾಧಾನವಿಲ್ಲ.

ಈ ನಾಲ್ಕನ್ನು ಒಟ್ಟಿಗಿಟ್ಟು ಉಚ್ಚರಿಸಿದರೆ ಅವುಗಳ ಕಟ್ಟಡ ಕಾಣಿಸುತ್ತದೆ. ನಾಲ್ಕೂ ‘ಸ್ಕ್ವ’ದಿಂದ ಶುರುವಾಗುತ್ತವೆ. ನಡುವಿನ ಸ್ವರ ಎರಡರಲ್ಲಿ ‘ಈ’, ಎರಡರಲ್ಲಿ ‘ಆ’ಕಾರ ‘ಓ’ಕಾರಗಳ ನಡುವಿನ ತೆರೆದ ಸ್ವರ. ಕೊನೆಯ ವ್ಯಂಜನ ಎರಡರಲ್ಲಿ ‘ಕ್’, ಎರಡರಲ್ಲಿ ‘ಲ್’. ಸ್ವರವು ಕೂಗಿನ ಎತ್ತರವನ್ನು ಹೇಳುತ್ತದೆ: ‘ಈ’ ಇದ್ದರೆ ಮೊನಚು, ತೆರೆದ ಸ್ವರವಿದ್ದರೆ ಅಗಲ. ಕೊನೆಯ ವ್ಯಂಜನವು ಕೂಗಿನ ಅವಧಿಯನ್ನು ಹೇಳುತ್ತದೆ: ‘ಕ್’ ಎಂದಾಗ ಉಸಿರು ಗಂಟಲ ಬಳಿ ಪೂರ್ತಿ ಕಟ್ಟಿಹೋಗುವುದರಿಂದ ಸದ್ದು ಅಲ್ಲೇ ಮುಗಿಯುತ್ತದೆ, ‘ಲ್’ ಎಂದಾಗ ಉಸಿರು ನಾಲಿಗೆಯ ಪಕ್ಕದಿಂದ ಹರಿಯುತ್ತಲೇ ಇರುತ್ತದೆ, ಬೇಕಾದಷ್ಟು ಹೊತ್ತು ಎಳೆಯಬಹುದು. ಮೊದಲಲ್ಲಿರುವ ಗುಂಪಕ್ಷರವು ಸದ್ದು ಇಕ್ಕಟ್ಟಿನಿಂದ ಹಿಂಡಿಕೊಂಡು ಹೊರಬಂತು ಎನ್ನುತ್ತದೆ. ಯಾರೂ ಕೂತು ಯೋಚಿಸಿ ಹೀಗೆ ಜೋಡಿಸಿದ್ದಲ್ಲ. ಸ್ಕ್ವೀಲ್ ಮತ್ತು ಸ್ಕ್ವೀಕ್ 14ನೇ ಶತಮಾನದ ಹೊತ್ತಿಗೇ ಇಂಗ್ಲಿಷಿನಲ್ಲಿದ್ದವು, ಸ್ಕ್ವಾಲ್ 17ರಲ್ಲಿ ಬಂತು, ಸ್ಕ್ವಾಕ್ 19ನೇ ಶತಮಾನದಲ್ಲಷ್ಟೇ ಬರಹಕ್ಕೆ ಇಳಿಯಿತು. ಮೂರು ಮೂಲೆಗಳು ಮೊದಲೇ ತುಂಬಿದ್ದ ಚೌಕದಲ್ಲಿ ಖಾಲಿ ಉಳಿದಿದ್ದ ನಾಲ್ಕನೆಯ ಮೂಲೆಗೆ ಸ್ಕ್ವಾಕ್ ಬಂದು ಕೂತಿತು.

‘ಈ’ ಎಂಬ ಸ್ವರ ಮೊನಚಾಗಿ ಕೇಳಿಸುವುದಕ್ಕೆ ಬಾಯಿಯ ರಚನೆಯಲ್ಲೇ ಕಾರಣವಿದೆ. ಅದನ್ನು ಉಚ್ಚರಿಸುವಾಗ ನಾಲಿಗೆಯ ಮುಂಭಾಗ ಅಂಗುಳಿನ ಹತ್ತಿರಕ್ಕೆ ಏರುತ್ತದೆ, ಅದರ ಮುಂದೆ ಉಳಿಯುವ ಪೊಳ್ಳು ಬಹಳ ಚಿಕ್ಕದು. ಚಿಕ್ಕ ಪೊಳ್ಳಿನಲ್ಲಿ ಎತ್ತರದ ಕಂಪನಗಳು ಬಲಗೊಳ್ಳುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಪೀಟರ್ಸನ್ ಮತ್ತು ಬಾರ್ನಿ 1952ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಗಂಡಸರು ಆಡಿದ ‘ಈ’ ಸ್ವರದ ಎರಡನೇ ಅನುರಣನ ಸರಾಸರಿ 2290 ಹರ್ಟ್ಸ್ ಇತ್ತು. ಸ್ಕ್ವಾಕ್‌ನಲ್ಲಿ ಬರುವ ತೆರೆದ ಸ್ವರದಲ್ಲಿ ಅದು 840 ಹರ್ಟ್ಸ್ ಮಾತ್ರ. ಇಲಿಯ ಸದ್ದಿಗೂ ಗಿಳಿಯ ಸದ್ದಿಗೂ ಇರುವ ಅಂತರವನ್ನು ಮನುಷ್ಯನ ಬಾಯಿ ತನ್ನ ಮಿತಿಯೊಳಗೆ ಹೀಗೆ ಅನುಕರಿಸುತ್ತದೆ.

ಭಾಷಾಶಾಸ್ತ್ರಜ್ಞರ ಗಮನ ಈ ಕಡೆ ಹರಿದದ್ದು ಇತ್ತೀಚೆಗೇನಲ್ಲ. ಅನಂತದ ಚಿಹ್ನೆಯನ್ನು ಗಣಿತಕ್ಕೆ ತಂದ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲೇ, ಪದದ ಮೊದಲಿನ ವ್ಯಂಜನ ಗುಂಪುಗಳು ಒಂದೊಂದು ಬಗೆಯ ಅರ್ಥವನ್ನು ಸೂಚಿಸುತ್ತವೆ ಎಂದು ತೋರಿಸಿದ್ದ. ಅಂಥ ಅಕ್ಷರ ಗುಂಪಿಗೆ ‘ಫೊನೆಸ್ತೀಮ್’ ಎಂಬ ಹೆಸರಿಟ್ಟವನು ಜೆ. ಆರ್. ಫರ್ತ್, 1930ರಲ್ಲಿ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿ ಬ್ರಿಟನ್ನಿಗೆ ಮರಳಿದ್ದ ವಿದ್ವಾಂಸ ಈತ. ಎಡ್ವರ್ಡ್ ಸಪೀರ್ 1929ರಲ್ಲಿ ಒಂದು ಸರಳ ಪ್ರಯೋಗ ಮಾಡಿದ. ತಾನೇ ಕಟ್ಟಿದ ‘ಮಿಲ್’, ‘ಮಾಲ್’ ಎಂಬ ಎರಡು ಸದ್ದುಗಳನ್ನು ಕೊಟ್ಟು, ಇವೆರಡೂ ಮೇಜಿನ ಹೆಸರುಗಳಾದರೆ ದೊಡ್ಡ ಮೇಜು ಯಾವುದು ಎಂದು ಕೇಳಿದ. ಬಹುಪಾಲು ಜನ ‘ಮಾಲ್’ ಎಂದರು.

ಇದನ್ನು ಸೂತ್ರವಾಗಿ ಹಿಡಿದುಕೊಂಡರೆ ಎಡವಬೇಕಾಗುತ್ತದೆ. ದೊಡ್ಡದು ಎನ್ನಲು ಇಂಗ್ಲಿಷಿನಲ್ಲಿ ಬಳಸುವ ‘ಬಿಗ್’ನಲ್ಲಿ ಇಕಾರವಿದೆ, ಚಿಕ್ಕದು ಎನ್ನುವ ‘ಸ್ಮಾಲ್’ನಲ್ಲಿ ತೆರೆದ ಸ್ವರವಿದೆ. ‘ಸ್ಕ್ವೇರ್’ ಎಂಬ ಚೌಕಕ್ಕೂ ‘ಸ್ಕ್ವಾಡ್’ ಎಂಬ ದಳಕ್ಕೂ ಯಾವ ಕೂಗಿನ ಸಂಬಂಧವೂ ಇಲ್ಲ. ಸದ್ದು ಅರ್ಥವನ್ನು ಹುಟ್ಟಿಸುತ್ತದೆ ಎನ್ನುವುದು ಅತಿಯಾದ ಮಾತು. ಕೂಗಿನ ಪದಗಳಂಥ ಕಡೆ, ಸದ್ದು ಹೊಂದುವ ಪದ ಬಾಳುತ್ತದೆ, ಹೊಂದದ್ದು ಮೂಲೆ ಸೇರುತ್ತದೆ ಎನ್ನುವಷ್ಟು ಮಾತ್ರ ಧೈರ್ಯವಾಗಿ ಹೇಳಬಹುದು.

ಕನ್ನಡದ ಕಿವಿಗೂ ಇದು ಅಪರಿಚಿತವಲ್ಲ. ‘ಕಿರುಚಿದಳು’ ಎಂದಾಗ ಕೇಳಿಸುವ ದನಿ ‘ಅರಚಿದಳು’ ಎಂದಾಗ ಕೇಳಿಸುವ ದನಿಗಿಂತ ಎತ್ತರದ್ದು, ತೆಳುವಾದದ್ದು. ಚೀರು, ಕೀಚು, ಕೀರಲು, ಕಿರಿಚು ಎಂಬ ಮೊನಚಾದ ಸದ್ದಿನ ಪದಗಳಲ್ಲೆಲ್ಲ ಇ–ಈಕಾರಗಳೇ ಇವೆ. ಅರಚು, ಒರಲು, ಬೊಬ್ಬೆ, ಅಬ್ಬರಗಳಲ್ಲಿ ತೆರೆದ ಅಥವಾ ದುಂಡಾದ ಸ್ವರಗಳಿವೆ. ಎರಡು ಭಾಷೆಗಳಿಗೂ ವಂಶದ ನಂಟಿಲ್ಲ. ಮನುಷ್ಯರ ಬಾಯಿ ಒಂದೇ ಎಂಬುದಷ್ಟೇ ನಂಟು.

ಇನ್ನು ಸ್ಕ್ರೀಮ್, ಸ್ಕ್ರೀಚ್, ಶ್ರೀಕ್ ಎಂಬ ಮೂರು. ಅನುವಾದಕರನ್ನು ಹೆಚ್ಚು ಕಾಡುವುದು ಇವೇ. ಮೂರರಲ್ಲೂ ‘ಈ’ ಇದೆ, ಮೂರರಲ್ಲೂ ರಕಾರದ ಒರಟಿದೆ, ಮೂರೂ ಸ್ಕ್ವೀಕ್‌ಗಿಂತ ಎಷ್ಟೋ ಪಾಲು ಜೋರು.

ಸ್ಕ್ರೀಮ್ ಇವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಪದ, ಮನುಷ್ಯರಿಗೆ ಹೆಚ್ಚು ಸಲ್ಲುವ ಪದ. ಭಯ, ನೋವು, ಸಿಟ್ಟು, ಸಂಭ್ರಮ ಯಾವುದು ಹೆಚ್ಚಾದರೂ ಬಾಯಿಂದ ಹೊರಡುವುದು ಸ್ಕ್ರೀಮ್. ಕೊನೆಯ ಮಕಾರ ಅದನ್ನು ಉದ್ದಕ್ಕೆ ಎಳೆಯಲು ಬಿಡುತ್ತದೆ. ಅದರೊಳಗೆ ಮಾತೂ ಇರಬಹುದು: ‘ಹೊರಗೆ ಹೋಗು’ ಎಂದು ಒಬ್ಬಾತ ಸ್ಕ್ರೀಮ್ ಮಾಡಬಲ್ಲ. ಶ್ರೀಕ್ ಹಾಗಲ್ಲ. ಅದು ಹೆಚ್ಚು ಎತ್ತರದ್ದು, ಗಿಡ್ಡನೆಯದು, ಹಠಾತ್ತಾಗಿ ಹಾರುವಂಥದ್ದು. ಕತ್ತಲಲ್ಲಿ ಕಾಲಿಗೆ ಏನೋ ಸುತ್ತಿಕೊಂಡಾಗ ‘ಕಿಟಾರನೆ ಕಿರುಚಿದಳು’ ಎನ್ನುತ್ತೇವಲ್ಲ, ಆ ‘ಕಿಟಾರನೆ’ ಎಂಬುದರಲ್ಲಿರುವ ದಿಢೀರ್ ಗುಣವೇ ಶ್ರೀಕ್‌ನ ಜೀವ. ಸ್ಕ್ರೀಚ್‌ನಲ್ಲಿ ಭಾವನೆಗಿಂತ ಉಜ್ಜಾಟ ಹೆಚ್ಚು. ಒಣಗಿದ ಎರಡು ವಸ್ತುಗಳು ಒಂದಕ್ಕೊಂದು ತಿಕ್ಕಿದಂಥ, ಹಲ್ಲು ಜುಂ ಎನ್ನಿಸುವ ಸದ್ದು ಅದು. ಬ್ರೇಕು ಒತ್ತಿದಾಗ ಬಸ್ಸಿನ ಚಕ್ರ, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ, ತಿರುವಿನಲ್ಲಿ ರೈಲಿನ ಗಾಲಿ, ಮೈಕಿನಿಂದ ಏಕಾಏಕಿ ಹೊರಡುವ ಸದ್ದು ಇವೆಲ್ಲ ಸ್ಕ್ರೀಚ್. ಮನುಷ್ಯರ ದನಿಗೆ ಈ ಪದ ಬಳಸಿದರೆ ಕೇಳುವವರಿಗೆ ಅದು ಸಹಿಸಲಾಗಲಿಲ್ಲ ಎಂಬ ತೀರ್ಪೂ ಜೊತೆಗೇ ಬರುತ್ತದೆ.

ತಿಕ್ಕಾಟದಿಂದ ಇಂಥ ಸದ್ದು ಹುಟ್ಟುವ ಬಗೆ ಸ್ವಾರಸ್ಯವಾದದ್ದು. ಸೀಮೆಸುಣ್ಣವನ್ನು ಹಲಗೆಯ ಮೇಲೆ ನೆಟ್ಟಗೆ ಒತ್ತಿ ಎಳೆದಾಗ ಅದು ಒಂದೇ ಸಮನೆ ಜಾರುವುದಿಲ್ಲ. ಒಂದು ಕ್ಷಣ ಅಂಟಿಕೊಳ್ಳುತ್ತದೆ, ಕೈಯ ಎಳೆತ ಹೆಚ್ಚಾದಾಗ ಬಿಟ್ಟು ಜಾರುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹೀಗೆ ಆದಾಗ ಸುಣ್ಣದ ಕಡ್ಡಿ ಕಂಪಿಸಿ ಕೂಗುತ್ತದೆ. ಬಾಗಿಲ ತಿರುಗಣಿಯಲ್ಲೂ ಟೈರಿನಲ್ಲೂ ನಡೆಯುವುದು ಇದೇ. ಪಿಟೀಲಿನ ಕಮಾನು ತಂತಿಯ ಮೇಲೆ ಸಾಗುವಾಗಲೂ ಇದೇ ನಡೆಯುತ್ತದೆ; ಅಲ್ಲಿ ರಾಳ ಹಚ್ಚಿದ ಕಮಾನನ್ನು ಪಳಗಿದ ಕೈ ಹದಕ್ಕೆ ತಂದಿರುತ್ತದೆ, ಅಷ್ಟೇ ವ್ಯತ್ಯಾಸ. ಆ ಹದವನ್ನು ಬೇಕೆಂದೇ ಕೆಡಿಸಿದರೆ ಏನಾಗುತ್ತದೆ ಎಂಬುದಕ್ಕೆ 1960ರ ‘ಸೈಕೋ’ ಚಿತ್ರ ಸಾಕ್ಷಿ. ಸ್ನಾನದ ಮನೆಯ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡ ಎಂದು ನಿರ್ದೇಶಕ ಹಿಚ್‌ಕಾಕ್ ಮೊದಲು ಅಂದುಕೊಂಡಿದ್ದ. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಿಂದ, ಪಿಟೀಲುಗಳ ಅತಿ ಎತ್ತರದ ಸ್ವರಗಳಿಂದ ಅದಕ್ಕೆ ಸಂಗೀತ ಕಟ್ಟಿಕೊಟ್ಟ. ಇಂಗ್ಲಿಷಿನಲ್ಲಿ ಆ ಪಿಟೀಲುಗಳನ್ನು ವರ್ಣಿಸುವವರು ಹೆಚ್ಚಾಗಿ ಬಳಸುವ ಪದ ಸ್ಕ್ರೀಚ್ ಅಥವಾ ಶ್ರೀಕ್.

ಈ ಸದ್ದುಗಳು ಮೈ ಜುಮ್ಮೆನ್ನಿಸುವುದು ಯಾಕೆ ಎಂಬುದನ್ನೂ ವಿಜ್ಞಾನಿಗಳು ಬೆನ್ನಟ್ಟಿದ್ದಾರೆ. 1986ರಲ್ಲಿ ಹಾಲ್ಪರ್ನ್, ಬ್ಲೇಕ್ ಮತ್ತು ಹಿಲನ್‌ಬ್ರಾಂಡ್ ಎಂಬ ಮೂವರು ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತೋಟಗಾರಿಕೆಯ ಮೂರು ಹಲ್ಲಿನ ಕೈಗುದ್ದಲಿಯನ್ನು ಕಲ್ಲಿನ ಹಲಗೆಯ ಮೇಲೆ ಎಳೆದು, ಆ ಸದ್ದನ್ನು ಧ್ವನಿಮುದ್ರಿಸಿ, ಬೇರೆ ಬೇರೆ ಕಂಪನಗಳನ್ನು ಸೋಸಿ ತೆಗೆದು ಜನರಿಗೆ ಕೇಳಿಸಿದರು. ಅತಿ ಎತ್ತರದ ಕಂಪನಗಳನ್ನು ತೆಗೆದರೂ ಸದ್ದಿನ ಹಿಂಸೆ ಕಡಿಮೆಯಾಗಲಿಲ್ಲ. ಕಿವಿ ಕೊರೆಯುತ್ತಿದ್ದದ್ದು ನಡುವಿನ ಕಂಪನಗಳು. 2015ರಲ್ಲಿ ಲೂಕ್ ಅರ್ನಾಲ್, ಡೇವಿಡ್ ಪೋಪೆಲ್ ಮತ್ತು ಸಂಗಡಿಗರು ಮನುಷ್ಯರ ಸ್ಕ್ರೀಮ್ ಅನ್ನೇ ಕೈಗೆತ್ತಿಕೊಂಡರು. ಸಾಮಾನ್ಯ ಮಾತಿನಲ್ಲಿ ದನಿಯ ಏರಿಳಿತ ಸೆಕೆಂಡಿಗೆ ನಾಲ್ಕೈದು ಸಲ ಆದರೆ, ಸ್ಕ್ರೀಮ್‌ನಲ್ಲಿ ಅದು 30ರಿಂದ 150 ಸಲದವರೆಗೂ ಆಗುತ್ತದೆ. ಇಷ್ಟು ವೇಗದ ನಡುಕ ಕಿವಿಗೆ ಒರಟಾಗಿ ಕೇಳಿಸುತ್ತದೆ, ಮಿದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗವನ್ನು ಎಚ್ಚರಿಸುತ್ತದೆ. ಎಚ್ಚರಿಕೆಯ ಗಂಟೆ, ಸೈರನ್ನುಗಳಲ್ಲೂ ಇದೇ ಗುಣ ಕಂಡುಬಂತು. ಅಂದರೆ ಸ್ಕ್ರೀಮ್‌ಗೂ ಜೋರು ಕೂಗಿಗೂ ಇರುವ ಭೇದ ಗಟ್ಟಿತನದ್ದು ಮಾತ್ರ ಅಲ್ಲ. ಅಂಗಡಿಯವನನ್ನು ಗಟ್ಟಿಯಾಗಿ ಕರೆದರೆ ಯಾರೂ ಬೆಚ್ಚುವುದಿಲ್ಲ.

ಶ್ರೀಕ್, ಸ್ಕ್ರೀಚ್ ಪದಗಳ ಹುಟ್ಟು ಇಂಗ್ಲೆಂಡಿನ ಇತಿಹಾಸದ ಒಂದು ಘಟ್ಟವನ್ನು ತೋರಿಸುತ್ತದೆ. ಎಂಟನೇ ಶತಮಾನದ ಕೊನೆಯಲ್ಲಿ ಸ್ಕ್ಯಾಂಡಿನೇವಿಯಾದ ವೈಕಿಂಗರು ಇಂಗ್ಲೆಂಡಿನ ಕರಾವಳಿಗೆ ದಾಳಿಯಿಟ್ಟರು. 793ರಲ್ಲಿ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು ಸೂರೆಮಾಡಿದ್ದು ಅವರ ಹೆಸರಾಂತ ದಾಳಿ. ಮುಂದಿನ ಶತಮಾನದಲ್ಲಿ ಅವರು ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದರು. ಅವರ ನಾರ್ಸ್ ಭಾಷೆಯೂ ಸ್ಥಳೀಯರ ಹಳೆಯ ಇಂಗ್ಲಿಷೂ ದಾಯಾದಿ ಭಾಷೆಗಳು. ಆದರೆ ನಾರ್ಸ್ ‘ಸ್ಕ್’ ಎನ್ನುತ್ತಿದ್ದಲ್ಲಿ ಇಂಗ್ಲಿಷ್ ‘ಶ್’ ಎನ್ನತೊಡಗಿತ್ತು. ಒಂದೇ ಮೂಲದ ಪದ ಎರಡೂ ರೂಪದಲ್ಲಿ ಉಳಿದುಕೊಂಡದ್ದುಂಟು. ಇಂಗ್ಲಿಷರದು ‘ಶರ್ಟ್’, ನಾರ್ಸ್‌ನವರದು ‘ಸ್ಕರ್ಟ್’. ಮೊದಲು ಎರಡೂ ಒಂದೇ ಬಗೆಯ ಉಡುಪು, ಆಮೇಲೆ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಶ್ರೀಕ್ ಮತ್ತು ಸ್ಕ್ರೀಚ್ ನಡುವೆ ಇರುವುದೂ ಇಂಥದ್ದೇ ನಂಟು.

ಪದದ ಕೊನೆಯಲ್ಲೂ ಇನ್ನೊಂದು ಭೇದ ನಡೆದಿದೆ. ದಕ್ಷಿಣ ಇಂಗ್ಲೆಂಡಿನಲ್ಲಿ ‘ಕ್’ ಇದ್ದದ್ದು ಹಲವು ಕಡೆ ‘ಚ್’ ಆಯಿತು, ಉತ್ತರದಲ್ಲಿ ‘ಕ್’ ಹಾಗೇ ಉಳಿಯಿತು. ದಕ್ಷಿಣದ ‘ಚರ್ಚ್’ಗೆ ಸ್ಕಾಟ್ಲೆಂಡಿನಲ್ಲಿ ‘ಕರ್ಕ್’ ಎನ್ನುತ್ತಾರೆ. ಕನ್ನಡಿಗರಿಗೆ ಇದು ತೀರ ಹತ್ತಿರದ ಸಂಗತಿ: ಕನ್ನಡದ ‘ಕಿವಿ’ ತಮಿಳಿನಲ್ಲಿ ‘ಚೆವಿ’, ಕನ್ನಡದ ‘ಕೆರೆ’ ತೆಲುಗಿನಲ್ಲಿ ‘ಚೆರುವು’. ಮುಂದೆ ಇ–ಎಕಾರ ಬಂದಾಗ ಕಕಾರ ಚಕಾರವಾಗುವ ಈ ಬದಲಾವಣೆ ಲೋಕದ ಹಲವು ಭಾಷೆಗಳಲ್ಲಿ ತಾನಾಗಿಯೇ ನಡೆದಿದೆ. ಹೀಗೆ ನೋಡಿದರೆ ಶ್ರೀಕ್‌ನ ತಲೆ ಇಂಗ್ಲಿಷಿನದು, ಬಾಲ ಉತ್ತರದ್ದು; ಸ್ಕ್ರೀಚ್‌ನ ತಲೆ ನಾರ್ಸ್‌ನದು, ಬಾಲ ದಕ್ಷಿಣದ್ದು. ಹಳೆಯ ಬರಹಗಳಲ್ಲಿ ‘ಸ್ಕ್ರಿಚ್’, ‘ಸ್ಕ್ರೀಕ್’, ‘ಸ್ಕ್ರೈಕ್’ ಎಂಬ ರೂಪಗಳೂ ಇವೆ. ಪ್ರಾಂತ್ಯಕ್ಕೊಂದರಂತೆ ಹರಡಿದ್ದ ಇವುಗಳಲ್ಲಿ ಎರಡು ಗೆದ್ದವು. ಗೆದ್ದ ಮೇಲೆ ಕೆಲಸವನ್ನು ಹಂಚಿಕೊಂಡು, ಒಂದು ಭಯದ ಕಡೆಗೂ ಇನ್ನೊಂದು ತಿಕ್ಕಾಟದ ಕಡೆಗೂ ವಾಲಿದವು. ಒಂದೇ ಅರ್ಥದ ಎರಡು ಪದಗಳನ್ನು ಯಾವ ಭಾಷೆಯೂ ಬಹಳ ಕಾಲ ಸುಮ್ಮನೆ ಸಾಕುವುದಿಲ್ಲ.

ನಾರ್ವೆಯ ಚಿತ್ರಕಾರ ಎಡ್ವರ್ಡ್ ಮಂಕ್ 1893ರಲ್ಲಿ ಬರೆದ ಜಗತ್ಪ್ರಸಿದ್ಧ ಚಿತ್ರ ಇಂಗ್ಲಿಷಿನಲ್ಲಿ ‘ದಿ ಸ್ಕ್ರೀಮ್’ ಎಂದೇ ಹೆಸರಾಗಿದೆ. ನಾರ್ವೆಯ ಭಾಷೆಯಲ್ಲಿ ಅದರ ಹೆಸರು ‘ಸ್ಕ್ರಿಕ್’. ಅದು ಶ್ರೀಕ್ ಮತ್ತು ಸ್ಕ್ರೀಚ್‌ಗಳ ನೇರ ಸಂಬಂಧಿ. ಆದರೂ ‘ಸ್ಕ್ರೀಮ್’ ಎಂದು ಕರೆದದ್ದೇ ಸರಿ ಎನ್ನಬೇಕು. ಚಿತ್ರದ ಸೇತುವೆಯ ಮೇಲೆ ಕಿವಿ ಮುಚ್ಚಿಕೊಂಡು ನಿಂತ ಆಕೃತಿ ಕೂಗುತ್ತಿದೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ಮಂಕ್ ಬರೆದಿಟ್ಟಿರುವ ಪ್ರಕಾರ ಕೂಗು ಸುತ್ತಲಿನ ಪ್ರಕೃತಿಯದು; ಸಂಜೆಯ ಕೆಂಪು ಆಕಾಶದ ಕೆಳಗೆ ಅದನ್ನು ಕೇಳಿಸಿಕೊಂಡವನು ಕಿವಿ ಮುಚ್ಚಿಕೊಂಡಿದ್ದಾನೆ. ಕೊನೆಯಿಲ್ಲದೆ ಹಬ್ಬುವ ಅಂಥ ಕೂಗಿಗೆ ಗಕ್ಕನೆ ಮುಗಿಯುವ ಶ್ರೀಕ್ ಒಪ್ಪುತ್ತಿರಲಿಲ್ಲ.

ಹಕ್ಕಿಗಳ ಹೆಸರುಗಳಲ್ಲೂ ಈ ಪದಗಳು ಹೊಕ್ಕಿವೆ. ಕರ್ನಾಟಕದ ಕುರುಚಲು ಕಾಡುಗಳಲ್ಲಿ ಕಾಣುವ ಕಳಿಂಗ ಹಕ್ಕಿಗೆ ಇಂಗ್ಲಿಷಿನಲ್ಲಿ ‘ಶ್ರೈಕ್’ ಎನ್ನುವುದು ಅದರ ಕರ್ಕಶ ಕೂಗಿನಿಂದಲೇ. ಕಣಜ ಗೂಬೆಯನ್ನು ಬ್ರಿಟನ್ನಿನ ಹಳ್ಳಿಗರು ‘ಸ್ಕ್ರೀಚ್ ಔಲ್’ ಎಂದು ಕರೆಯುತ್ತಿದ್ದರು. ಗುಮ್ ಎನ್ನದೆ ಗಂಟಲು ಕೆರೆದಂತೆ ಉದ್ದಕ್ಕೆ ಕೂಗುವ ಗೂಬೆ ಅದು. ಬ್ರಿಟನ್ನಿನಿಂದ ವಲಸೆ ಹೋದವರು ಇದೇ ಹೆಸರನ್ನು ಅಮೆರಿಕದ ಬೇರೊಂದು ಪುಟ್ಟ ಗೂಬೆಗೆ ಇಟ್ಟುಬಿಟ್ಟರು. ಅದು ಕುದುರೆ ಕೆನೆದ ಹಾಗೆ ಇಳಿದನಿಯಲ್ಲಿ ನಡುಗುತ್ತಾ ಕೂಗುತ್ತದೆ, ಸ್ಕ್ರೀಚ್ ಮಾಡುವುದು ತೀರ ಕಡಿಮೆ. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದಲ್ಲಿ ದೊರೆ ಡಂಕನ್ನನ ಕೊಲೆಯಾಗುವ ರಾತ್ರಿ ಗೂಬೆಯ ಕೂಗು ಕೇಳಿಸುತ್ತದೆ. ಕವಿ ಅಲ್ಲಿ ಶ್ರೀಕ್ ಎಂಬ ಪದವನ್ನು ಆರಿಸಿಕೊಂಡಿದ್ದಾನೆ. ಅಪಶಕುನಕ್ಕೆ ಅದೇ ತಕ್ಕದ್ದು. ಬೇಸಗೆಯ ಸಂಜೆ ಇಂಗ್ಲೆಂಡಿನ ಊರುಗಳ ಮನೆಮಾಡುಗಳ ಮೇಲೆ ಗುಂಪಾಗಿ ಕೂಗುತ್ತಾ ಹಾರುವ ಬಾನಾಡಿಗಳ ಹಿಂಡಿಗೆ ಅಲ್ಲಿನ ಪಕ್ಷಿವೀಕ್ಷಕರು ‘ಸ್ಕ್ರೀಮಿಂಗ್ ಪಾರ್ಟಿ’ ಎನ್ನುತ್ತಾರೆ.

ನೆರೆಯ ಕೆಲವು ಪದಗಳನ್ನೂ ಇಲ್ಲೇ ನೋಡಿಬಿಡಬಹುದು. ‘ಕ್ರೀಕ್’ ಎಂಬುದು ಹಳೆಯ ಮರದ ಮೆಟ್ಟಿಲು, ತೊಟ್ಟಿಲು, ಎತ್ತಿನ ಗಾಡಿ ಭಾರಕ್ಕೆ ಕಿರುಗುಟ್ಟುವ ಸದ್ದು; ಸ್ಕ್ವೀಕ್‌ಗಿಂತ ನಿಧಾನ, ತಗ್ಗು. ‘ಕ್ರೋಕ್’ ಕಪ್ಪೆಯದು, ಕಾಡುಕಾಗೆಯದು, ನೆಗಡಿಯಾದವನ ಗೊಗ್ಗರು ದನಿಯದು. ‘ಯೆಲ್’ ಎಂದರೆ ಗಟ್ಟಿಯಾಗಿ ಕೂಗಿ ಹೇಳುವುದು, ಅದರಲ್ಲಿ ಕರ್ಕಶತೆ ಇರಬೇಕಾಗಿಲ್ಲ. ‘ಯೆಲ್ಪ್’ ಎಂದರೆ ತುಳಿಸಿಕೊಂಡ ನಾಯಿಮರಿಯ ‘ಕುಂಯ್’. ಈ ಯೆಲ್ಪ್‌ನ ಪೂರ್ವಜ ಹಳೆಯ ಇಂಗ್ಲಿಷಿನಲ್ಲಿ ಜಂಭ ಕೊಚ್ಚಿಕೊಳ್ಳುವುದಕ್ಕೆ ಬಳಕೆಯಲ್ಲಿತ್ತು. ವೀರರ ಹೆಮ್ಮೆಯ ಮಾತು ನಾಯಿಮರಿಯ ಬಾಯಿಗೆ ಇಳಿದದ್ದು ಪದಗಳ ಏಳುಬೀಳಿಗೆ ಒಂದು ಉದಾಹರಣೆ.

ಕೂಗಿನಾಚೆಗೆ ಈ ಪದಗಳು ಪಡೆದ ಅರ್ಥಗಳಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಸ್ಕ್ವಾಕ್‌ನದು. ಎರಡನೇ ಮಹಾಯುದ್ಧದಲ್ಲಿ ರೇಡಾರ್ ಪರದೆಯ ಮೇಲೆ ಕಾಣುವ ವಿಮಾನ ತಮ್ಮದೋ ಶತ್ರುವಿನದೋ ಎಂದು ತಿಳಿಯಲು ಬ್ರಿಟಿಷರು ವಿಮಾನಗಳಲ್ಲಿ ಒಂದು ಉಪಕರಣ ಇಟ್ಟರು. ನೆಲದಿಂದ ಪ್ರಶ್ನೆಯ ಸಂಕೇತ ಹೋದರೆ ಅದು ಉತ್ತರದ ಸಂಕೇತ ಕಳುಹಿಸುತ್ತಿತ್ತು. ಅದರ ಗುಪ್ತನಾಮ ‘ಪ್ಯಾರಟ್’, ಅಂದರೆ ಗಿಳಿ. ಗಿಳಿಯಾದ ಮೇಲೆ ಅದು ಸ್ಕ್ವಾಕ್ ಮಾಡಲೇಬೇಕಲ್ಲ! ಯುದ್ಧ ಮುಗಿದರೂ ಪದ ಉಳಿಯಿತು. ಇಂದು ಲೋಕದ ಯಾವ ವಿಮಾನ ನಿಲ್ದಾಣದಲ್ಲಾದರೂ ನಿಯಂತ್ರಕರು ಪೈಲಟ್‌ಗೆ ನಾಲ್ಕಂಕಿಯ ಒಂದು ‘ಸ್ಕ್ವಾಕ್ ಕೋಡ್’ ಕೊಡುತ್ತಾರೆ. ಪ್ರತಿ ಅಂಕಿಯೂ 0ಯಿಂದ 7ರೊಳಗೆ ಇರಬೇಕಾದ್ದರಿಂದ ಒಟ್ಟು 4096 ಕೋಡುಗಳು ಸಾಧ್ಯ. ಪೈಲಟ್ ಅದನ್ನು ಉಪಕರಣದಲ್ಲಿ ಹಾಕಿದರೆ ರೇಡಾರ್ ಪರದೆಯ ಮೇಲೆ ಆ ವಿಮಾನ ಯಾವುದೆಂದು ಗುರುತು ಸಿಗುತ್ತದೆ. ಇವುಗಳಲ್ಲಿ ಮೂರನ್ನು ಆಪತ್ತಿಗೆಂದೇ ಕಾದಿರಿಸಲಾಗಿದೆ: 7500 ಎಂದರೆ ವಿಮಾನ ಅಪಹರಣ, 7600 ಎಂದರೆ ರೇಡಿಯೊ ಸಂಪರ್ಕ ಕಡಿದಿದೆ, 7700 ಎಂದರೆ ತುರ್ತು ಪರಿಸ್ಥಿತಿ. ಬಾಯಿಬಿಟ್ಟು ಮಾತಾಡಲು ಆಗದ ಪೈಲಟ್ಟಿಗೂ ಈ ಮೌನದ ಕೂಗು ದಾರಿಯಾಗುತ್ತದೆ.

ಸ್ಕ್ವಾಲ್ ಗಾಳಿಯ ಹೆಸರೂ ಹೌದು. ನಾವಿಕರ ಬಾಯಲ್ಲಿ ಅದು ಸಮುದ್ರದ ಮೇಲೆ ಹಠಾತ್ತಾಗಿ ಎದ್ದು ಬೀಸುವ ಬಿರುಗಾಳಿ. ಜಾಗತಿಕ ಹವಾಮಾನ ಸಂಸ್ಥೆಯ ಲಕ್ಷಣದ ಪ್ರಕಾರ ಗಾಳಿಯ ವೇಗ ಸೆಕೆಂಡಿಗೆ ಕನಿಷ್ಠ 8 ಮೀಟರಿನಷ್ಟು ಒಮ್ಮೆಲೇ ಏರಿ, 11 ಮೀಟರ್ ಮುಟ್ಟಿ, ಒಂದು ನಿಮಿಷವಾದರೂ ನಿಂತರೆ ಅದು ಸ್ಕ್ವಾಲ್. ಕೆಲವೇ ಸೆಕೆಂಡು ಬೀಸಿ ನಿಲ್ಲುವ ‘ಗಸ್ಟ್’ಗಿಂತ ಇದು ಬೇರೆ. ಇಲ್ಲಿಯೂ ಎಳೆತವೇ ಲಕ್ಷಣವಾಗಿರುವುದನ್ನು ಗಮನಿಸಬೇಕು. ಮಳೆಗಾಲದಲ್ಲಿ ಕರ್ನಾಟಕದ ಕರಾವಳಿಯ ಮೀನುಗಾರರಿಗೆ ಭಾರತೀಯ ಹವಾಮಾನ ಇಲಾಖೆ ಕೊಡುವ ಇಂಗ್ಲಿಷ್ ಎಚ್ಚರಿಕೆಗಳಲ್ಲಿ ‘ಸ್ಕ್ವಾಲಿ ವೆದರ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದನ್ನು ಬರೀ ‘ಗಾಳಿ’ ಎಂದು ಕನ್ನಡಕ್ಕೆ ತಂದರೆ ಅಪಾಯದ ಅಂದಾಜು ಸಿಗದು. ‘ಬಿರುಗಾಳಿ’ ಎಂದೇ ಹೇಳಬೇಕು.

ಸ್ಕ್ವೀಲ್‌ಗೆ ಕಳ್ಳರ ಭಾಷೆಯಲ್ಲಿ, ಜೊತೆಗಾರರ ಗುಟ್ಟನ್ನು ಪೊಲೀಸರಿಗೆ ಒಪ್ಪಿಸುವುದು ಎಂಬ ಅರ್ಥ ಬಂತು. ಜಾರ್ಜ್ ಆರ್ವೆಲ್ 1945ರ ‘ಅನಿಮಲ್ ಫಾರ್ಮ್’ನಲ್ಲಿ ಆಳುವವರ ಪರವಾಗಿ ಪ್ರಚಾರ ಮಾಡುವ ಹಂದಿಗೆ ‘ಸ್ಕ್ವೀಲರ್’ ಎಂದು ಹೆಸರಿಟ್ಟಿದ್ದಾನೆ. ಸ್ಕ್ವೀಕ್‌ನ ಸಣ್ಣತನದಿಂದ, ಕೂದಲೆಳೆಯ ಅಂತರದಲ್ಲಿ ಪಾರಾಗುವುದು ಅಥವಾ ಗೆಲ್ಲುವುದು ಎಂಬ ಅರ್ಥ ಹುಟ್ಟಿದೆ. ಉಳಿದ ಆಲೂಗಡ್ಡೆ ಮತ್ತು ಕೋಸನ್ನು ಬಾಣಲೆಯಲ್ಲಿ ಹುರಿದು ಮಾಡುವ ಬ್ರಿಟಿಷ್ ತಿನಿಸಿಗೆ ‘ಬಬಲ್ ಅಂಡ್ ಸ್ಕ್ವೀಕ್’ ಎಂಬ ಹೆಸರು ಬಂದದ್ದು ಹುರಿಯುವಾಗಿನ ಸದ್ದಿನಿಂದ. ಮುದ್ರಣಾಲಯದವರು ಉದ್ಗಾರ ಚಿಹ್ನೆಗೆ ‘ಸ್ಕ್ರೀಮರ್’ ಎಂದರು. ಗಣಿತದವರಲ್ಲಿ ಕೆಲವರು ಅದನ್ನೇ ‘ಶ್ರೀಕ್’ ಎಂದು ಓದುತ್ತಾರೆ. ಎನ್ ಅಕ್ಷರದ ಮುಂದೆ ಆ ಚಿಹ್ನೆ ಬರೆದು ಸೂಚಿಸುವ ಕ್ರಮಗುಣಿತ ಅವರ ಬಾಯಲ್ಲಿ ‘ಎನ್ ಶ್ರೀಕ್’.

ಈ ಪದಗಳ ಬಳಕೆಯಲ್ಲಿ ಒಂದು ಅನ್ಯಾಯವೂ ಸೇರಿಕೊಂಡಿದೆ. ಸಭೆಯಲ್ಲಿ ಗಂಡಸು ದನಿಯೇರಿಸಿದರೆ ಇಂಗ್ಲಿಷ್ ಪತ್ರಿಕೆಗಳು ಗುಡುಗಿದ, ಗರ್ಜಿಸಿದ ಎನ್ನುತ್ತವೆ. ಹೆಂಗಸು ದನಿಯೇರಿಸಿದರೆ ಶ್ರೀಕ್, ಸ್ಕ್ರೀಚ್ ಎಂಬ ಪದಗಳು ಸಲೀಸಾಗಿ ಬರುತ್ತವೆ. ಹೆಂಗಸರ ದನಿ ಸಹಜವಾಗಿ ಎತ್ತರದ್ದು ಎಂಬುದು ದೇಹದ ಸಂಗತಿ. ಅದನ್ನು ಕರ್ಕಶ ಎನ್ನುವುದು ಕೇಳುವವನ ಪೂರ್ವಗ್ರಹ. ಬ್ರಿಟನ್ನಿನ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ 1970ರ ದಶಕದಲ್ಲಿ ತರಬೇತಿ ಪಡೆದು ತಮ್ಮ ದನಿಯನ್ನು ತಗ್ಗಿಸಿಕೊಂಡರು. ಕನ್ನಡದಲ್ಲೂ ‘ಗುಡುಗಿದರು’ ಮತ್ತು ‘ಕಿರುಚಾಡಿದರು’ ಎಂಬ ಜೋಡಿ ಹೀಗೆಯೇ ಹಂಚಿಹೋಗಿದೆ. ಸುದ್ದಿ ಬರೆಯುವವರು ಈ ಪದಗಳನ್ನು ಮುಟ್ಟುವ ಮುನ್ನ ಯೋಚಿಸಬೇಕು.

ಇವನ್ನು ಕನ್ನಡಕ್ಕೆ ತರುವಾಗ ನೆನಪಿಡಬೇಕಾದದ್ದು ಎರಡು ಭಾಷೆಗಳ ಹಂಚಿಕೆ ಬೇರೆ ಎಂಬುದನ್ನು. ಇಂಗ್ಲಿಷ್ ಸದ್ದಿನ ಗುಣವನ್ನು ಕ್ರಿಯಾಪದದೊಳಗೇ ತುಂಬಿಡುತ್ತದೆ. ಕನ್ನಡ ಪ್ರಾಣಿಗೊಂದು ಕ್ರಿಯಾಪದ ಕೊಟ್ಟಿದೆ: ಆನೆ ಘೀಳಿಡುತ್ತದೆ, ಕುದುರೆ ಕೆನೆಯುತ್ತದೆ, ನರಿ ಊಳಿಡುತ್ತದೆ, ಗೂಳಿ ಗುಟುರು ಹಾಕುತ್ತದೆ, ಕಪ್ಪೆ ವಟಗುಟ್ಟುತ್ತದೆ. ಉಳಿದ ಕಡೆ ಅನುಕರಣ ಪದವನ್ನು ಮುಂದಿಟ್ಟು ‘ಎನ್ನು’, ‘ಗುಟ್ಟು’, ‘ಇಡು’ ಎಂಬವನ್ನು ಜೋಡಿಸುತ್ತದೆ. ಅನುಕರಣ ಪದಗಳ ಈ ಬಗೆಯನ್ನು ಕೇಶಿರಾಜ 13ನೇ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದಲ್ಲಿ ಗುರುತಿಸಿದ್ದಾನೆ. ಹೀಗಾಗಿ ಪದಕ್ಕೆ ಪದ ಹುಡುಕುವುದಕ್ಕಿಂತ, ಕೂಗುತ್ತಿರುವುದು ಯಾವುದು, ಸದ್ದು ತಟ್ಟನೆ ನಿಂತಿತೋ ಎಳೆಯಿತೋ ಎಂದು ನೋಡುವುದೇ ಸರಿಯಾದ ದಾರಿ. ಬಾಗಿಲು ಸ್ಕ್ವೀಕ್ ಮಾಡಿದರೆ ‘ಕಿರ್ರೆಂದಿತು’, ಬ್ರೇಕು ಸ್ಕ್ರೀಚ್ ಮಾಡಿದರೆ ‘ಕರ್ಕಶವಾಗಿ ಕೀರಿತು’, ಮಗು ಸ್ಕ್ವಾಲ್ ಮಾಡಿದರೆ ‘ರಚ್ಚೆ ಹಿಡಿಯಿತು’, ಹುಡುಗಿ ಶ್ರೀಕ್ ಮಾಡಿದರೆ ‘ಕಿಟಾರನೆ ಕಿರುಚಿದಳು’. ಪತ್ತೇದಾರಿ ಕಾದಂಬರಿಯಲ್ಲಿ ಸಿಕ್ಕಿಬಿದ್ದ ಕಳ್ಳ ಸ್ಕ್ವೀಲ್ ಮಾಡಿದ ಎಂದಿದ್ದರೆ ‘ಬಾಯಿಬಿಟ್ಟ’. ವಿಮಾನವೊಂದು 7700 ಸ್ಕ್ವಾಕ್ ಮಾಡಿತು ಎಂಬ ಸುದ್ದಿ ಬಂದರೆ ಅದು ತುರ್ತು ಸಂಕೇತ ಕಳುಹಿಸಿತು ಎಂದು ಬರೆಯಬೇಕು.